ವಿಮಾನಿಧಿಯ ಒಂದೂಕಾಲು ಕೋಟಿ

ಮೋಸಹೋದವನು ಒಬ್ಬ ಮನುಷ್ಯನಾದರೆ ನ್ಯಾಯಾಲಯದ ಬಾಗಿಲು ತಟ್ಟಿಯಾನು. ಮೋಸಹೋದದ್ದು ಒಂದು ಸಂಸ್ಥೆಯಾದರೆ ದೂರು ಕೊಡುವವರಾರು? ಸಂಸ್ಥೆಗೆ ಸ್ವಂತ ಬಾಯಿಲ್ಲ. ಅದರ ಅಧಿಕಾರಿಗಳೇ ಅದರ ಬಾಯಿ, ಅವರೇ ಅದರ ಕೈ. ಆ ಕೈಯೇ ಚೆಕ್ಕಿಗೆ ರುಜು ಹಾಕಿದ್ದರೆ ಬಾಯಿ ಮುಚ್ಚಿಕೊಂಡಿರುವುದು ಸಹಜ. ಈ ಪೇಚನ್ನು ಹತ್ತು ಜನರೆದುರಿಗೆ ಬಿಡಿಸುವ ಯತ್ನವೊಂದು ನಾವು ಬಾಳುತ್ತಿರುವ ಈ ಮುಂಬಯಿಯಲ್ಲೇ ೧೯೫೮ರಲ್ಲಿ ನಡೆಯಿತು.

ಖಾಸಗಿ ವಿಮಾ ಕಂಪನಿಗಳನ್ನೆಲ್ಲ ಒಂದುಗೂಡಿಸಿ ಜೀವವಿಮಾ ನಿಗಮವನ್ನು ಸ್ಥಾಪಿಸಿದ್ದು ೧೯೫೬ರ ಸೆಪ್ಟೆಂಬರ್ ೧ರಂದು. ಶಾಲೆಯ ಮಾಸ್ತರರು, ಮಿಲ್ಲಿನ ಗುಮಾಸ್ತರು ತಿಂಗಳು ತಿಂಗಳೂ ಕಟ್ಟಿದ ಹಣ ಅದರ ನಿಧಿ. ವರ್ಷ ತುಂಬುವ ಮೊದಲೇ, ೧೯೫೭ರ ಜೂನ್ ತಿಂಗಳಲ್ಲಿ, ಕಲ್ಕತ್ತೆಯ ವ್ಯಾಪಾರಿ ಹರಿದಾಸ ಮುಂಧ್ರಾ ಅವರ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳಿಗೆ ನಿಗಮವು ಸುಮಾರು ಒಂದೂಕಾಲು ಕೋಟಿ ರೂಪಾಯಿ ಸುರಿಯಿತು. ಮುಂಧ್ರಾ ಆಗ ಸಾಲದಲ್ಲಿ ಮುಳುಗಿದ್ದರು. ಹಣ ತೊಡಗಿಸುವ ಮುನ್ನ ಸಲಹೆ ಕೇಳಲೆಂದೇ ನಿಗಮಕ್ಕೆ ಒಂದು ಸಮಿತಿಯಿತ್ತು, ಅದನ್ನು ಕೇಳಲಿಲ್ಲ. ನಮ್ಮಂಥ ಸಂಘಗಳ ಮಹಾಸಭೆಯಲ್ಲಿ ಉಪ್ಪಿಟ್ಟಿನ ಖರ್ಚಿಗೂ ಅರ್ಧ ಗಂಟೆ ಚರ್ಚೆ ನಡೆಯುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸೀತು.

೧೯೫೭ರ ಡಿಸೆಂಬರ್ ೧೬ರಂದು ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಈ ಮಾತೆತ್ತಿದರು. ಅವರು ಆಳುವ ಪಕ್ಷದವರು, ಪ್ರಧಾನಮಂತ್ರಿಗಳ ಅಳಿಯಂದಿರು. ಸಂಸ್ಥೆಗಿಲ್ಲದ ಬಾಯಿಯನ್ನು ಸಂಸತ್ತು ಒದಗಿಸಿತು.

ಸರಕಾರ ೧೯೫೮ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರನ್ನು ಏಕಸದಸ್ಯ ಆಯೋಗವಾಗಿ ನೇಮಿಸಿತು. ಛಾಗ್ಲಾ ಅವರ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೯೫೬ರ ನವೆಂಬರ್ ೧ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳ ಅಪೀಲುಗಳು ಅವರ ಹೈಕೋರ್ಟಿಗೇ ಬರುತ್ತಿದ್ದುವು. ವಿಚಾರಣೆಯನ್ನು ಅವರು ಬಹಿರಂಗವಾಗಿ ನಡೆಸಿದರು. ಜನ ಕಿಕ್ಕಿರಿದದ್ದರಿಂದ ಹೊರಗೆ ಧ್ವನಿವರ್ಧಕಗಳನ್ನು ಹಾಕಿಸಬೇಕಾಯಿತು. ಅಟಾರ್ನಿ ಜನರಲ್ ಸೆತಲ್ವಾಡರು ಆಯೋಗಕ್ಕೆ ನೆರವಾದರು. ಹಣಕಾಸಿನ ಮಂತ್ರಿಗಳು, ಅವರ ಕಾರ್ಯದರ್ಶಿ, ರಿಸರ್ವ್ ಬ್ಯಾಂಕಿನ ಗವರ್ನರು, ಎಲ್ಲರೂ ಸಾಕ್ಷಿ ನುಡಿದರು.

ಕುಸಿಯುತ್ತಿದ್ದ ಕಲ್ಕತ್ತೆಯ ಷೇರುಪೇಟೆಯನ್ನು ಎತ್ತಿಹಿಡಿಯಲು ಕೊಂಡೆವೆಂಬ ಸಮಜಾಯಿಷಿ ಅಲ್ಲಿ ನಿಲ್ಲಲಿಲ್ಲ. ಒಬ್ಬನ ಷೇರುಗಳನ್ನು ಕೊಂಡರೆ ಇಡೀ ಪೇಟೆ ಹೇಗೆ ಚೇತರಿಸೀತು? ಮಂತ್ರಿಗಳು ಒಪ್ಪಿದ್ದರೆಂದು ಕಾರ್ಯದರ್ಶಿ ಎಚ್. ಎಂ. ಪಟೇಲರೆಂದರೆ, ತಾವು ಒಪ್ಪಿರಲಿಲ್ಲವೆಂದು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರೆಂದರು. ಇಷ್ಟು ದೊಡ್ಡ ವ್ಯವಹಾರ ಬಾಯಿಮಾತಿನಲ್ಲಿ ಸಾಗಿದುದರ ಫಲವಿದು. ಕಡತದಲ್ಲಿ ಒಂದು ಸಾಲಿದ್ದರೆ ಇಬ್ಬರಲ್ಲೊಬ್ಬರು ಸುಮ್ಮನಾಗುತ್ತಿದ್ದರು. ಛಾಗ್ಲಾ ಅವರು ಈ ಗಂಟನ್ನು ಕತ್ತರಿಸಿದ ರೀತಿ ಗಮನಾರ್ಹ. ಅಧೀನ ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿಯೇ ಹೊಣೆ, ಹಿಂದೆ ಸರಿದು ನಿಲ್ಲುವಂತಿಲ್ಲ ಎಂದರು. ನಿಗಮದ ಹಣ ವಿಮೆದಾರರ ಹಿತಕ್ಕೇ ವಿನಿಯೋಗವಾಗಬೇಕು, ಅದರ ವ್ಯವಹಾರದಲ್ಲಿ ಸರಕಾರ ಕೈಹಾಕಬಾರದು ಎಂದೂ ಬರೆದರು. ಫೆಬ್ರವರಿ ೧೦ರಂದು ವರದಿ ಸಿದ್ಧ, ತಿಂಗಳೂ ಹಿಡಿಯಲಿಲ್ಲ. ಅದೇ ತಿಂಗಳು ಮಂತ್ರಿಗಳು ರಾಜೀನಾಮೆ ಕೊಟ್ಟರು.

ಆದರೆ ಆಯೋಗ ಹೊಣೆ ಯಾರದೆಂದು ಹೇಳಬಲ್ಲುದು, ಶಿಕ್ಷಿಸಲಾರದು. ಹಣ ಮರಳಿಸಲೂ ಆರದು. ಅಧಿಕಾರಿಗಳ ನಡತೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ವಿವಿಯನ್ ಬೋಸರ ಮಂಡಲಿ ಪ್ರತ್ಯೇಕವಾಗಿ ಕೂತಿತು. ಮುಂಧ್ರಾ ಅವರ ಮೇಲಿನ ಮೊಕದ್ದಮೆಗಳು ಬೇರೆ ದಾರಿಯಲ್ಲಿ, ಕೋರ್ಟುಗಳ ಎಂದಿನ ನಡಿಗೆಯಲ್ಲಿ ಸಾಗಿದುವು. ಅವರು ಸೆರೆಮನೆ ಕಂಡರು. ಕೃಷ್ಣಮಾಚಾರಿಯವರು ೧೯೬೨ರಲ್ಲಿ ಮತ್ತೆ ಮಂತ್ರಿಮಂಡಲ ಸೇರಿ, ಮುಂದೆ ಹಣಕಾಸನ್ನೇ ವಹಿಸಿಕೊಂಡರು. ಪಟೇಲರೂ ೧೯೭೭ರಲ್ಲಿ ಅದೇ ಕುರ್ಚಿಯಲ್ಲಿ ಕುಳಿತರು! ನಿಗಮವು ಷೇರು ಕೊಂಡ ಆರರಲ್ಲೊಂದಾದ ಬೈಕಲಾದ ರಿಚರ್ಡ್‌ಸನ್ ಅಂಡ್ ಕ್ರಡಾಸ್ ಕಂಪನಿಯನ್ನು ಸರಕಾರ ೧೯೭೨ರ ಕಾಯಿದೆಯ ಮೂಲಕ ತನ್ನದಾಗಿಸಿಕೊಂಡಿತು.