ಕಾರಿನ ಕ್ಯಾರಿಯರ್

ಡಿಕ್ಕಿಯಲ್ಲಿ ಹಿಡಿಸದ ಸಾಮಾನನ್ನು ಸಾಗಿಸಲು ಕಾರಿನ ಚಾವಣಿಯ ಮೇಲೋ ಹಿಂಬದಿಗೋ ಕೂರಿಸುವ ಚೌಕಟ್ಟು, ಅಡ್ಡಪಟ್ಟಿ, ಪೆಟ್ಟಿಗೆಗಳಿಗೆಲ್ಲ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಹೆಸರು. ಬಸ್ಸಿನ ಕಾಲದ ರೂಢಿಯಿಂದ ‘ಟಾಪ್’ ಎನ್ನುವವರೂ ಉಂಟು. ಏಳು ಸೀಟಿನ ಕಾರುಗಳು ಮನೆಮನೆಗೆ ಬಂದ ಮೇಲೆ ಇದರ ಅಗತ್ಯ ಹೆಚ್ಚಿತು. ಮೂರನೆಯ ಸಾಲಿನಲ್ಲೂ ಜನ ಕೂತರೆ ಡಿಕ್ಕಿ ಹೆಸರಿಗಷ್ಟೇ ಉಳಿಯುತ್ತದೆ. ಮಾರುತಿ ಎರ್ಟಿಗಾದಲ್ಲಿ ಆ ಸಾಲು ಮಡಚಿದಾಗ 550 ಲೀಟರ್ ಜಾಗ ಸಿಕ್ಕರೆ, ಬಿಡಿಸಿದಾಗ ಸಿಗುವುದು 209 ಲೀಟರ್. ಏಳು ಮಂದಿಯ ಬಟ್ಟೆಬರೆಗೆ ಅದು ಯಾವ ಲೆಕ್ಕಕ್ಕೂ ಸಾಲದು. ಸಿಎನ್‌ಜಿ ಕಾರುಗಳ ಪಾಡು ಇನ್ನೊಂದು ಬಗೆಯದು. ಅವುಗಳ ಡಿಕ್ಕಿಯ ಬಹುಪಾಲನ್ನು ಸಿಲಿಂಡರೇ ನುಂಗುತ್ತದೆ. ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ನೆಲದಡಿ ಅಡಗಿಸುವ ವ್ಯವಸ್ಥೆಯನ್ನು ಟಾಟಾ ಕಂಪನಿ 2023ರಲ್ಲಿ ಆಲ್ಟ್ರೋಜ್ ಕಾರಿನೊಂದಿಗೆ ತಂದದ್ದು ಈ ತಕರಾರಿಗಾಗಿಯೇ.

ಹಿನ್ನೆಲೆ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಕಾರುಗಳ ಚಾವಣಿಯ ಎರಡೂ ಅಂಚಿನಲ್ಲಿ ಮಳೆನೀರು ಹರಿದುಹೋಗಲು ತಗಡಿನ ಕಾಲುವೆಯಂಥ ತುಟಿ ಇರುತ್ತಿತ್ತು. ಕ್ಯಾರಿಯರಿನ ಕಾಲುಗಳನ್ನು ಆ ತುಟಿಯ ಮೇಲಿಟ್ಟು, ಕೆಳಗಿನಿಂದ ಕ್ಲಾಂಪ್ ಹಾಕಿ ನಟ್ಟು ಬಿಗಿದರೆ ಕೆಲಸ ಮುಗಿಯಿತು. ಯಾವ ವೆಲ್ಡಿಂಗ್ ಅಂಗಡಿಯವನೂ ಕಬ್ಬಿಣದ ಪೈಪಿನಿಂದ ಒಂದು ದಿನದಲ್ಲಿ ಮಾಡಿಕೊಡಬಲ್ಲ ವಸ್ತು ಅದಾಗಿತ್ತು. ಮದುವೆಯ ಹಾಸಿಗೆ, ಶಬರಿಮಲೆ ಯಾತ್ರೆಯ ಪಾತ್ರೆಪಗಡ, ವರ್ಗಾವಣೆಯಾದ ನೌಕರನ ಟ್ರಂಕು ಎಲ್ಲವೂ ಅದರ ಮೇಲೇ ಹೋದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1984ರಿಂದ ಬರುತ್ತಿದ್ದ ಓಮ್ನಿ 2019ರಲ್ಲಿ ನಿಂತಿತು. ಅವುಗಳೊಂದಿಗೆ ಆ ತುಟಿಯೂ ಹೆಚ್ಚುಕಡಿಮೆ ಕಣ್ಮರೆಯಾಯಿತು. ಈಗಿನ ನುಣುಪು ಚಾವಣಿಗೆ ಕ್ಯಾರಿಯರ್ ಕೂರಿಸುವುದು ಅಷ್ಟು ಸಲೀಸಲ್ಲ.

ಯುರೋಪಿನಲ್ಲಿ ಈ ಸರಕು ಬೇರೆ ದಾರಿಯಲ್ಲಿ ಬೆಳೆಯಿತು. ಮೀನು ಹಿಡಿಯುವ ಬೋನು ಮಾರುತ್ತ 1942ರಲ್ಲಿ ಶುರುವಾದ ಸ್ವೀಡನ್ನಿನ ಥೂಲೆ ಕಂಪನಿ 1962ರಲ್ಲಿ ಚಾವಣಿಯ ಕ್ಯಾರಿಯರನ್ನೂ, 1977ರಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನೂ ಮಾರುಕಟ್ಟೆಗೆ ತಂದಿತು. ಹಿಮದ ಮೇಲೆ ಜಾರುವ ಉದ್ದನೆಯ ಸ್ಕೀಗಳನ್ನು ಒಯ್ಯಬೇಕಾದ ಊರಿನವರಿಗೆ ಅದು ಹೇಳಿ ಮಾಡಿಸಿದಂತಿತ್ತು.

ಬಗೆಗಳು

ಹಿಡಿತದ ದೃಷ್ಟಿಯಿಂದ ಇಂದಿನ ಚಾವಣಿಗಳಲ್ಲಿ ಮುಖ್ಯವಾಗಿ ಮೂರು ಬಗೆ: ಎರಡೂ ಬದಿಯಲ್ಲಿ ಕೈ ತೂರಿಸುವಷ್ಟು ಸಂದಿಯುಳ್ಳ ಎತ್ತರದ ರೇಲ್ ಇರುವವು, ರೇಲ್ ಚಾವಣಿಗೆ ಅಂಟಿಕೊಂಡಂತಿರುವವು, ಏನೂ ಇಲ್ಲದ ಬೋಳು ಚಾವಣಿಯವು. ಮೊದಲನೆಯದಕ್ಕೆ ಅಡ್ಡಪಟ್ಟಿ ಕೂರಿಸುವುದು ಸುಲಭ. ಬೋಳು ಚಾವಣಿಗೆ ಬಾಗಿಲ ಚೌಕಟ್ಟನ್ನು ಕಚ್ಚಿಕೊಳ್ಳುವ ಕ್ಲಾಂಪ್ ಬೇಕು. ಅದು ಆಯಾ ಮಾಡೆಲ್ಲಿಗೆಂದೇ ಮಾಡಿದ್ದಾಗಿರಬೇಕು, ‘ಎಲ್ಲ ಗಾಡಿಗೂ ಆಗುತ್ತೆ ಸಾರ್’ ಎಂದು ಅಂಗಡಿಯವನು ಕೊಟ್ಟದ್ದಲ್ಲ. ಭಾರತದಲ್ಲಿ ಮಾರಾಟವಾಗುವ ಹಲವು ಕಾರುಗಳ ರೇಲ್ ಬರೀ ಶೋಕಿಗೆ ಇರುವಂಥದ್ದು. ನೋಡಲು ಗಟ್ಟಿಮುಟ್ಟಾಗಿದ್ದರೂ ಒಳಗೆ ಪ್ಲಾಸ್ಟಿಕ್ಕು, ಅಂಟು, ಒಂದೆರಡು ಚಿಕ್ಕ ಸ್ಕ್ರೂ. ಅದರ ಮೇಲೆ ಹೊರೆ ಹಾಕಬಹುದೇ ಎಂಬುದಕ್ಕೆ ಉತ್ತರವಿರುವುದು ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗುವ ಮೊದಲೇ ಆ ಪುಟ ಓದಿರುವುದು ಲೇಸು.

ಅಡ್ಡಪಟ್ಟಿಗಳ ಮೇಲೆ ಕಬ್ಬಿಣದ ಬುಟ್ಟಿ, ಪ್ಲಾಸ್ಟಿಕ್ ಪೆಟ್ಟಿಗೆ, ಮಡಚಿಡಬಹುದಾದ ಬಟ್ಟೆಯ ಚೀಲ, ಮೂರರಲ್ಲಿ ಯಾವುದನ್ನಾದರೂ ಇಡಬಹುದು. ಬುಟ್ಟಿ ಅಗ್ಗ, ಬಾಳಿಕೆಯೂ ಹೆಚ್ಚು. ಮಳೆಗೆ ಮಾತ್ರ ಟಾರ್ಪಾಲೇ ಗತಿ. ಪೆಟ್ಟಿಗೆಗೆ ಬೀಗವಿದೆ, ಗಾಳಿಯನ್ನೂ ಸೀಳುತ್ತದೆ, ಆದರೆ ದುಬಾರಿ. ಊರಿಗೆ ಬಂದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಎಲ್ಲಿಡುವುದೆಂಬುದು ಕೊಂಡ ಮೇಲೆ ಹೊಳೆಯುವ ಪ್ರಶ್ನೆ. ಬಟ್ಟೆಯ ಚೀಲ ಬಾಡಿಗೆ ಮನೆಯವರಿಗೆ ಅನುಕೂಲ. ಚೀಲ ಎಷ್ಟೇ ‘ವಾಟರ್‌ಪ್ರೂಫ್’ ಆಗಿದ್ದರೂ ನೀರು ಇಳಿಯುವುದು ಹೊಲಿಗೆ ಮತ್ತು ಜಿಪ್ಪಿನ ಕಡೆಯಿಂದ. ಆದ್ದರಿಂದ ಜಿಪ್ ಹಿಂದಕ್ಕೆ ಬರುವಂತೆ ಕಟ್ಟಬೇಕು. ಮಲೆನಾಡಿನ ಆಷಾಢದ ಮಳೆಯಲ್ಲಾದರೆ ಒಳಗಿನ ಬಟ್ಟೆಯನ್ನು ಮತ್ತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಬೇಕು.

ಹಿಂಬದಿಯ ಕ್ಯಾರಿಯರ್ ಹೆಚ್ಚಾಗಿ ಸೈಕಲ್ಲಿಗೆ. ಪಟ್ಟಿಗಳಿಂದ ಹಿಂಬಾಗಿಲಿಗೆ ಬಿಗಿಯುವ ಈ ಬಗೆಯಲ್ಲಿ ನಂಬರ್ ಪ್ಲೇಟು, ಬ್ರೇಕ್ ದೀಪ ಮುಚ್ಚಿಹೋಗುವ ಸಂಭವ ಹೆಚ್ಚು. ಅಮೆರಿಕದಲ್ಲಿ ಸಾಮಾನ್ಯವಾದ ಕೊಂಡಿಯ ಕ್ಯಾರಿಯರಿಗೆ ಬೇಕಾದ ಎಳೆಕೊಂಡಿ ಇಲ್ಲಿನ ಕುಟುಂಬದ ಕಾರುಗಳಲ್ಲಿ ಕಾಣಸಿಗುವುದು ಅಪರೂಪ.

ತೂಕ

ಆಯ್ಕೆಯಲ್ಲಿ ಜನ ಮೊದಲು ಕೇಳುವುದು ಎಷ್ಟು ಹಿಡಿಸುತ್ತದೆ ಎಂದು. ಕೇಳಬೇಕಾದದ್ದು ಎಷ್ಟು ತಾಳುತ್ತದೆ ಎಂದು. ಕುಟುಂಬದ ಕಾರುಗಳ ಚಾವಣಿಗೆ ತಯಾರಕರು ನಿಗದಿಪಡಿಸುವ ಮಿತಿ ಸಾಮಾನ್ಯವಾಗಿ 50ರಿಂದ 100 ಕೆಜಿಯೊಳಗೆ ಇರುತ್ತದೆ, ಮತ್ತು ಕ್ಯಾರಿಯರಿನ ಸ್ವಂತ ತೂಕವೂ ಇದರಲ್ಲೇ ಸೇರುತ್ತದೆ. ಮಿತಿ 75 ಕೆಜಿ ಎಂದುಕೊಳ್ಳೋಣ. ಕಬ್ಬಿಣದ ಬುಟ್ಟಿಯೇ 20 ಕೆಜಿ ತೂಗಿದರೆ ಉಳಿಯುವುದು 55. ತಲಾ 18 ಕೆಜಿಯ ಮೂರು ಸೂಟ್‌ಕೇಸಿಗೆ ಅದು ಮುಗಿಯಿತು. ನಾಲ್ಕನೆಯದು ಹೋದಾಗ ಚಾವಣಿ ಕುಸಿಯುವುದಿಲ್ಲ ನಿಜ. ನಿಂತ ಕಾರಿನ ಚಾವಣಿ ಇದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದೆ. ಇಲ್ಲದಿದ್ದರೆ ಚಾವಣಿಯ ಮೇಲೆ ಡೇರೆ ಹಾಕಿ ಮಲಗುವವರ ಗತಿಯೇನು. ಮಿತಿ ಇರುವುದು ಓಡುವ ಕಾರಿಗೆ. ಗುಂಡಿಗೆ ಇಳಿದಾಗ, ಬ್ರೇಕ್ ಒತ್ತಿದಾಗ, ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹೊರಳಿದಾಗ ಮೇಲಿನ ಹೊರೆ ಕಾರನ್ನು ಹೊರಬದಿಗೆ ಎಳೆಯುತ್ತದೆ. ಭಾರ ನೆಲದಿಂದ ಮೇಲೇರಿದಷ್ಟೂ ಆ ಎಳೆತ ಹೆಚ್ಚು.

ಹೀಗಾಗಿ ಭಾರವಾದದ್ದು ಕೆಳಗೆ, ಹಗುರವಾಗಿ ಜಾಗ ತಿನ್ನುವುದು ಮೇಲೆ ಎಂಬುದೇ ಸರಿಯಾದ ಜೋಡಣೆ. ನೀರಿನ ಕ್ಯಾನು, ಅಕ್ಕಿಚೀಲ, ಊರಿಂದ ತರುವ ತೆಂಗಿನಕಾಯಿ ಮೂಟೆ ಡಿಕ್ಕಿಯ ನೆಲದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇರಬೇಕು. ದಿಂಬು, ಹೊದಿಕೆ, ಮಗುವಿನ ತಳ್ಳುಗಾಡಿ ಮೇಲೆ ಹೋಗಲಿ. ನಮ್ಮಲ್ಲಿ ನಡೆಯುವುದು ಬಹುತೇಕ ಇದರ ತಿರುವುಮುರುವು: ಬೇಕಾದಾಗ ಕೈಗೆ ಸಿಗಲೆಂದು ಚಿಕ್ಕಚಿಕ್ಕ ಚೀಲಗಳೆಲ್ಲ ಒಳಗೆ, ಭಾರದ ಸೂಟ್‌ಕೇಸು ಮೇಲೆ. ಚಾವಣಿಯ ಲೆಕ್ಕ ಸರಿಯಾದರೂ ಕಾರಿನ ಒಟ್ಟು ಹೊರೆಯ ಮಿತಿ ಬೇರೆಯೇ ಇದೆ. ಏಳು ಜನ ದೊಡ್ಡವರು ಕೂತ ಮೇಲೆ ಆ ಮಿತಿಯಲ್ಲಿ ಉಳಿದಿರುವುದೇ ಸ್ವಲ್ಪ. ಪೂರ್ತಿ ಹೊರೆಗೆ ಟೈರಿನಲ್ಲಿ ಎಷ್ಟು ಗಾಳಿ ಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ.

ಗಾಳಿ ಮತ್ತು ಇಂಧನ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80 ಕಿಮೀ ವೇಗದಲ್ಲಿರುವ ತಡೆ 100ಕ್ಕೆ ಹೋದಾಗ ಒಂದೂವರೆ ಪಟ್ಟು ದಾಟುತ್ತದೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂದಾಜಿನಂತೆ, ಮೊಂಡು ಮೂತಿಯ ದೊಡ್ಡ ಚಾವಣಿ ಪೆಟ್ಟಿಗೆಯಿಂದ ಮೈಲೇಜು ನಗರದಲ್ಲಿ ಶೇ 2ರಿಂದ 8, ಹೆದ್ದಾರಿಯಲ್ಲಿ ಶೇ 6ರಿಂದ 17, ಗಂಟೆಗೆ 105ರಿಂದ 120 ಕಿಮೀ ವೇಗದಲ್ಲಿ ಶೇ 10ರಿಂದ 25ರಷ್ಟು ಇಳಿಯುತ್ತದೆ. ಹಿಂಬದಿಯ ಪೆಟ್ಟಿಗೆಯಿಂದ ಆಗುವ ನಷ್ಟ ಹೆದ್ದಾರಿಯಲ್ಲೂ ಶೇ 1ರಿಂದ 5 ಮಾತ್ರ. ಖಾಲಿ ಕ್ಯಾರಿಯರ್ ಕೂಡ ಗಾಳಿಗೆ ಅಡ್ಡ ನಿಲ್ಲುತ್ತದೆ. ವರ್ಷಕ್ಕೆ ಎರಡು ಸಲ ಬೇಕಾಗುವ ಬುಟ್ಟಿಯನ್ನು ವರ್ಷವಿಡೀ ಹೊತ್ತು ತಿರುಗುವುದಕ್ಕೆ ಟ್ಯಾಕ್ಸಿಯವರಿಗೆ ಕಾರಣವುಂಟು, ಮನೆಯ ಕಾರಿಗೆ ಇಲ್ಲ. ವಿದ್ಯುತ್ ಕಾರುಗಳಲ್ಲಿ ಇದೇ ನಷ್ಟ ನೇರವಾಗಿ ದೂರಕ್ಕೆ ಕತ್ತರಿ ಹಾಕುತ್ತದೆ. ಚಾರ್ಜ್ ಮಾಡುವ ಜಾಗವನ್ನು ಇನ್ನಷ್ಟು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಕಟ್ಟುವ ಬಗೆ

ಹಗ್ಗ ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುವಾಗ ಬಿಗಿ ತಪ್ಪುತ್ತದೆ. ಕೊಕ್ಕೆಯಿರುವ ರಬ್ಬರ್ ಹಗ್ಗ ಸೂಟ್‌ಕೇಸನ್ನು ಅಲ್ಲಾಡದಂತೆ ಹಿಡಿಯಲಾರದು, ಕೈ ಜಾರಿದರೆ ಕೊಕ್ಕೆ ನೇರ ಮುಖಕ್ಕೇ ಬರುತ್ತದೆ. ಬಕಲ್ ಇರುವ ಅಗಲ ಪಟ್ಟಿ ಇವೆರಡಕ್ಕಿಂತ ಮೇಲು. ಲಾರಿಯವರ ರಾಟ್ಚೆಟ್ ಬೆಲ್ಟನ್ನೂ ಬಳಸಬಹುದು, ಆದರೆ ಅದರ ಬಿಗಿತಕ್ಕೆ ಪ್ಲಾಸ್ಟಿಕ್ ಸೂಟ್‌ಕೇಸು ನುಗ್ಗುನುರಿಯಾಗುವುದುಂಟು. ವೇಗದಲ್ಲಿ ಪಟ್ಟಿ ಗುಂಯ್ ಎಂದು ಮೊರೆಯುತ್ತಿದ್ದರೆ ಅದನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಸದ್ದು ನಿಲ್ಲುತ್ತದೆ. ಚಪ್ಪಟೆ ಪಟ್ಟಿ ಗಾಳಿಗೆ ಪಟಪಟಿಸುವುದು ತಪ್ಪುತ್ತದೆ. ಟಾರ್ಪಾಲಿನ ಮುಂದಿನ ಅಂಚನ್ನು ಲಗೇಜಿನ ಅಡಿಗೆ ಮಡಚಿ ಸೇರಿಸಬೇಕು, ಇಲ್ಲವಾದರೆ ಗಾಳಿ ನುಗ್ಗಿ ಹಾಯಿಯಂತೆ ಉಬ್ಬುತ್ತದೆ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರಿನ ಮೇಲೆ ಕಾಫಿಗೆಂದು ನಿಂತಾಗ ಒಮ್ಮೆ ಎಲ್ಲವನ್ನೂ ಎಳೆದು ನೋಡುವುದು ಅನುಭವಸ್ಥ ಚಾಲಕರ ರೂಢಿ.

ಕಾನೂನು ಮತ್ತು ದಾರಿ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯಂತೆ, ಹೊರೆ ವಾಹನದ ಬದಿಗೋ ಮುಂದಕ್ಕೋ ಹಿಂದಕ್ಕೋ ಚಾಚಿದ್ದರೆ, ಅಥವಾ ಅನುಮತಿಸಿದ ಎತ್ತರ ಮೀರಿದ್ದರೆ 20,000 ರೂಪಾಯಿ ದಂಡ. ಹೊರೆ ಇಳಿಸುವ ಖರ್ಚೂ ದಂಡ ತೆರುವವನದೇ. ಸ್ಥಳದಲ್ಲಿ ವಸೂಲಾಗುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಚಾವಣಿ ಕೊರೆದು ಬೋಲ್ಟ್ ಹಾಕಿದ ಕ್ಯಾರಿಯರ್ ಇದರ ಕೈಗೆ ಸಿಕ್ಕಿಬೀಳುವುದು ಸುಲಭ. ಕೊರೆದ ತೂತಿನಿಂದ ತುಕ್ಕೂ ಒಳಗೆ ನೀರೂ ಬರುವುದರಿಂದ ಕಾನೂನಿಲ್ಲದಿದ್ದರೂ ಅದು ಬೇಡದ ಕೆಲಸ. ತಯಾರಕರೇ ಆ ಮಾಡೆಲ್ಲಿಗೆಂದು ಮಾರುವ, ಕಳಚಬಹುದಾದ ಅಡ್ಡಪಟ್ಟಿಯನ್ನು ಕೊಂಡು ಬಿಲ್ಲನ್ನು ಕಾರಿನಲ್ಲಿಟ್ಟುಕೊಂಡರೆ ತಪಾಸಣೆಯಲ್ಲಿ ಹೇಳಿಕೊಳ್ಳಲು ಆಧಾರವಿರುತ್ತದೆ.

ಎತ್ತರವನ್ನು ಮರೆಯುವವರೇ ಹೆಚ್ಚು. ಇನ್ನೋವಾ ಕ್ರಿಸ್ಟಾದ ಎತ್ತರ ಸುಮಾರು 1.8 ಮೀಟರ್. ಮೇಲೆ ಕ್ಯಾರಿಯರ್, ಅದರ ಮೇಲೆ ನಿಲ್ಲಿಸಿದ ಸೂಟ್‌ಕೇಸು ಸೇರಿದರೆ ಎರಡೂಕಾಲು ಮೀಟರನ್ನೂ ದಾಟಬಹುದು. ನೆಲಮಾಳಿಗೆಯ ಪಾರ್ಕಿಂಗಿನ ಬಾಗಿಲಲ್ಲಿ ತೂಗುವ ಎತ್ತರದ ಫಲಕ ಅದಕ್ಕಿಂತ ಕೆಳಗಿರುವುದು ಅಪರೂಪವಲ್ಲ. ಸೂಟ್‌ಕೇಸನ್ನು ಮಲಗಿಸಿ ಕಟ್ಟಿದರೆ ಎತ್ತರವೂ ಗಾಳಿಯ ತಡೆಯೂ ಒಟ್ಟಿಗೆ ತಗ್ಗುತ್ತವೆ.

ಹೋಗುವ ಜಾಗವೂ ಆಯ್ಕೆಯನ್ನು ನಿರ್ಧರಿಸುತ್ತದೆ. ತಿರುಮಲೆಗೆ ಕಾರಿನಲ್ಲಿ ಹೋಗುವವರು ಅಲಿಪಿರಿಯ ತಪಾಸಣೆಯಲ್ಲಿ ಲಗೇಜನ್ನೆಲ್ಲ ಇಳಿಸಿ ಸ್ಕ್ಯಾನರಿಗೆ ಹಾಕಬೇಕು. ಟಾರ್ಪಾಲು ಹೊದಿಸಿ ಹನ್ನೆರಡು ಗಂಟು ಹಾಕಿದ ಹೊರೆಯನ್ನು ಅಲ್ಲಿ ಬಿಚ್ಚಿ, ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿರುವಾಗ ಮತ್ತೆ ಕಟ್ಟುವುದು ಸಣ್ಣ ಶಿಕ್ಷೆಯಲ್ಲ. ಬೀಗದ ಪೆಟ್ಟಿಗೆಯ ಬೆಲೆ ತಿಳಿಯುವುದು ಅಂಥ ಕಡೆ. ಆಗುಂಬೆ, ಬಂಡೀಪುರದ ದಾರಿಯಲ್ಲಿ ಕೋತಿಗಳು ಬಟ್ಟೆಯ ಚೀಲ ಹರಿಯಬಲ್ಲವು. ಬಾಳೆಹಣ್ಣು, ಚಕ್ಕುಲಿ, ನಿಪ್ಪಟ್ಟಿನ ಡಬ್ಬಗಳನ್ನು ಮೇಲಿಡಬಾರದು. ರಾತ್ರಿ ಹೋಟೆಲಿನ ಹೊರಗೆ ಕಾರು ನಿಲ್ಲಿಸುವವರಿಗೆ ತೆರೆದ ಬುಟ್ಟಿಯೆಂದರೆ ಪ್ರತಿ ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುವ ಕೆಲಸ.

ನಾಲ್ಕು ಜನರ ಕುಟುಂಬ ಐದು ಸೀಟಿನ ಕಾರಿನಲ್ಲಿ ಹೋಗುವಾಗ ಗಡಸು ಸೂಟ್‌ಕೇಸಿನ ಬದಲು ಮೆತ್ತನೆಯ ಬ್ಯಾಗು ಬಳಸಿದರೆ ಅನೇಕ ಸಲ ಕ್ಯಾರಿಯರೇ ಬೇಡವಾಗುತ್ತದೆ. ಡಿಕ್ಕಿಯ ಮೂಲೆಮುಡುಕನ್ನೆಲ್ಲ ಮೆತ್ತನೆಯ ಬ್ಯಾಗು ತುಂಬಿಕೊಳ್ಳುತ್ತದೆ. ಐದು ಜನರಿಗೆ ಏಳು ಸೀಟಿನ ಕಾರಿದ್ದರೆ ಮೂರನೆಯ ಸಾಲಿನ ಅರ್ಧ ಮಡಚಿ ಲಗೇಜು ಇಡುವುದೇ ಸಾಕು, ಆದರೆ ಅದು ಬ್ರೇಕಿಗೆ ಮುಂದೆ ನುಗ್ಗದಂತೆ ಪಟ್ಟಿಯಿಂದ ಬಿಗಿದಿರಬೇಕು. ಪೂರ್ತಿ ಏಳು ಜನ, ಮೂರ್ನಾಲ್ಕು ದಿನದ ಪ್ರವಾಸ ಎಂದಾಗಲೇ ಚಾವಣಿಯ ಸರದಿ. ವರ್ಷಕ್ಕೊಮ್ಮೆಯ ಯಾತ್ರೆಯಾದರೆ ಕ್ಯಾರಿಯರ್ ಇರುವ ಗಾಡಿಯನ್ನೇ ಬಾಡಿಗೆಗೆ ಹಿಡಿಯುವುದು, ಅಥವಾ ದೊಡ್ಡ ಗಂಟುಮೂಟೆಯನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಮೊದಲೇ ಕಳಿಸುವುದು ಕಡಿಮೆ ಖರ್ಚಿನ ದಾರಿ.