ದಾರಿ ಕಡಿದರೆ ಕೊಡಗಿನ ಗತಿ

ಕೊಡಗಿಗೆ ರೈಲಿಲ್ಲ. ಬರುವುದಿದ್ದರೂ ಹೋಗುವುದಿದ್ದರೂ ರಸ್ತೆಯೇ ಗತಿ, ಅದರಲ್ಲೂ ಪಡುವಣಕ್ಕೆ ಇಳಿಯುವವೆಲ್ಲ ಘಾಟಿಗಳು. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಮಂಗಳೂರು ದಾರಿ ಮುಚ್ಚಿತು. ಮಕ್ಕಂದೂರು, ಕಾಲೂರು, ಹಟ್ಟಿಹೊಳೆಯ ಕಡೆ ತೋಟ, ಮನೆ, ಗದ್ದೆ ಎಲ್ಲ ಕೆಸರಿನಡಿ ಹೋದವು. ಹೊರಗಿನಿಂದ ಲಾರಿ ಬಾರದಿದ್ದರೆ 4,102 ಚದರ ಕಿಲೋಮೀಟರಿನ ಈ ಜಿಲ್ಲೆ ತನ್ನ ಐದೂವರೆ ಲಕ್ಷ ಜನರನ್ನು ಎಷ್ಟು ದಿನ ಸಾಕೀತು?

ಹಿಂದಿನ ಕೊಡಗಿಗೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಂದ ಮಲಬಾರಿಗೆ ಅಕ್ಕಿ ಹೋಗುತ್ತಿತ್ತು, ಹೇರೆತ್ತುಗಳ ಬೆನ್ನ ಮೇಲೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಹೊಸ್ತಿಲು ದಾಟುವುದೇ ಕಷ್ಟ. ಹಾಗಾಗಿ ಬೇಸಗೆಯಲ್ಲೇ ಸಿದ್ಧತೆ. ಪತ್ತಾಯದಲ್ಲಿ ಭತ್ತ, ಸೂರಿನಡಿ ಒಟ್ಟಿದ ಸೌದೆ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾದ ಮಾಂಸ, ಭರಣಿಯಲ್ಲಿ ಉಪ್ಪುಮಾವು, ಮೂಲೆಯಲ್ಲಿ ಹುಳಿಗೆ ಕಾಚಂಪುಳಿ. ಹಸಿರಿಗೆ ಕಣಿಲೆ, ಕೆಸುವು, ಅಣಬೆ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಇಂದಿಗೂ ಉಳಿದಿದೆ. ಪತ್ತಾಯ ಮಾತ್ರ ಬಹುತೇಕ ಮನೆಗಳಲ್ಲಿ ಖಾಲಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಾಫಿ, ಕರಿಮೆಣಸು ಕೈಗೆ ಕಾಸು ಕೊಡುತ್ತವೆ. ಗದ್ದೆ ಆಳು ಕೇಳುತ್ತದೆ, ಬೆಳೆದದ್ದನ್ನು ಆನೆ ತುಳಿಯುತ್ತದೆ. ಹಾಗಾಗಿ ಎಷ್ಟೋ ಗದ್ದೆ ಪಾಳು ಬಿದ್ದವು, ಕೆಲವು ಶುಂಠಿಗೆ ಹೋದವು, ಕೆಲವು ಲೇಔಟಿಗೆ. ಅಕ್ಕಿಯ ಜೊತೆಗೆ ಹೋದದ್ದು ನೀರೂ ಹೌದು: ಮಳೆನೀರನ್ನು ತಡೆದು ಇಂಗಿಸುತ್ತಿದ್ದುದು ಆ ಗದ್ದೆಗಳೇ. ಇತ್ತ ಗುಡ್ಡದ ಬರೆಯನ್ನು ನೇರಕ್ಕೆ ಕಡಿದು ರಸ್ತೆ, ಹೋಂಸ್ಟೇ ಮಾಡಿದರು. ಇಳಿಜಾರನ್ನು ಕಡಿದದ್ದೂ ಕುಸಿತಕ್ಕೆ ಕಾರಣವೆಂದು ಭೂಗರ್ಭ ತಜ್ಞರು 2018ರ ನಂತರ ಬರೆದರು. ಬರೆ ಕಡಿಯುವುದು ನಿಂತಿಲ್ಲ.

ಜಿಲ್ಲೆ ಎಲ್ಲ ಕಡೆ ಒಂದೇ ಸಮನಲ್ಲ. ಕೊಡ್ಲಿಪೇಟೆ, ಶನಿವಾರಸಂತೆಯವರು ಹಾಸನದ ಕಡೆಗೆ ದಾರಿ ಇರುವವರು, ಗದ್ದೆಯೂ ಉಂಟು, ಬಚಾವಾದಾರು. ದಕ್ಷಿಣದ ಪೊನ್ನಂಪೇಟೆಯ ಬಯಲುಗದ್ದೆಗಳೂ ಒಂದು ಧೈರ್ಯ. ಭಾಗಮಂಡಲದ್ದು ಬೇರೆ ಕಥೆ: ಕಾವೇರಿ, ಕನ್ನಿಕೆ ಉಕ್ಕಿದರೆ ಸಂಗಮದ ಸುತ್ತ ಎಲ್ಲ ಜಲಾವೃತ. 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೇ ನುಂಗಿತು. ಕುಶಾಲನಗರದ ಬಡಾವಣೆಗಳು 2018, 2019 ಎರಡೂ ವರ್ಷ ನೆರೆಯಲ್ಲಿ ಮುಳುಗಿದವು. ಊರಿಗೆಲ್ಲ ಸಾಮಾನು ಬರುವ ಮೈಸೂರು ದಾರಿ ಹಾದುಹೋಗುವುದೂ ಕುಶಾಲನಗರದ ಮೇಲೆಯೇ.

ನನ್ನ ತೀರ್ಮಾನ: ಕೊಡಗಿಗೆ ಮಳೆಗಾಲದಲ್ಲಿ ನೀರುಂಟು, ಸೌದೆಯುಂಟು, ಕಷ್ಟಕ್ಕೆ ಓಡಿಬರುವ ನೆರೆಯವರುಂಟು. ಅಕ್ಕಿ, ಔಷಧಿ, ಡೀಸೆಲ್ಲಿಗೆ ಮಾತ್ರ ಅದು ಪರಾಧೀನ. ಜೂನ್ ಹಿಡಿಯುವ ಮೊದಲು ಇವನ್ನು ಮಡಿಕೇರಿಯ ಗೋದಾಮಿನಲ್ಲಲ್ಲ, ದಾರಿ ಕಡಿಯಬಹುದಾದ ಒಂದೊಂದು ಪಂಚಾಯಿತಿಯಲ್ಲೂ ತುಂಬಿಡಿ. ಗದ್ದೆ ಹೂಡುವವನಿಗೆ ಎಕರೆಗಿಷ್ಟೆಂದು ಕೈಗೆ ಹಣ ಕೊಡಿ. ಬರೆ ಕಡಿಯುವ ಜೆಸಿಬಿಗೆ ಪರವಾನಗಿ ಕೊಡಬೇಡಿ.