ಕಾನೂನು: ಜೊಂಡಿನಿಂದ ಜಹೀರಾಬಾದಿನವರೆಗೆ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡ ಮನೆಗಳಿಂದ ಪದವಿಯ ಮೊದಲ ವರ್ಷಕ್ಕೆ ಬರುವ ಮಕ್ಕಳು ಪಾಶ್ಚಾತ್ಯ ಚಿಂತನೆಯ ಪಾಠ ಶುರುವಾದಾಗ ಮೊದಲು ಕೇಳುವ ಹೆಸರುಗಳು ಪ್ಲೇಟೊ, ಅರಿಸ್ಟಾಟಲ್. ಇಂಗ್ಲಿಷ್ ಉಚ್ಚಾರದಲ್ಲಿ ಬಂದ ಕಾರಣ ಇವರು ಏಳು ಸಮುದ್ರದಾಚೆಯವರು ಅನ್ನಿಸುತ್ತಾರೆ. ಆದರೆ ಉರ್ದು ಮಾತಿನಲ್ಲಿ ತನ್ನನ್ನೇ ಮಹಾಜಾಣ ಅಂದುಕೊಂಡವನಿಗೆ ‘ಅಫಲಾತೂನ್’ ಅನ್ನುತ್ತಾರಲ್ಲ, ಅವನೇ ಪ್ಲೇಟೊ. ಯುನಾನಿ ಔಷಧದ ‘ಯುನಾನಿ’ ಎಂದರೆ ಅಯೋನಿಯಾದ್ದು, ಅಂದರೆ ಗ್ರೀಕರದ್ದು. ಇನ್ನು ತಹಸೀಲು ಕಚೇರಿಯಲ್ಲೂ ಹೊಲದ ಬದುವಿನ ಜಗಳದಲ್ಲೂ ದಿನಾ ಕೇಳುವ ‘ಕಾನೂನು’ ಅಪ್ಪಟ ಗ್ರೀಕ್ ಕಲ್ಪನೆಯೊಂದರ ಹೆಸರು. ಇಂಗ್ಲಿಷು ಈ ನೆಲಕ್ಕೆ ಕಾಲಿಡುವ ಎಷ್ಟೋ ಮೊದಲೇ ಅದು ಬೇರೆ ದಾರಿಯಿಂದ ಬಂದು ಇಲ್ಲಿ ನೆಲೆಸಿತ್ತು.

ಹುಟ್ಟಿನಲ್ಲಿ ಆ ಪದ ಗ್ರೀಕೂ ಅಲ್ಲ. ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ‘ಕನೂ’ ಎಂದರೆ ನದೀತೀರದ ಜೊಂಡು. ನೆಟ್ಟಗೆ ಬೆಳೆಯುವ, ಹಗುರವಾದ, ಕತ್ತರಿಸಿದರೆ ಅಳತೆಗೋಲಾಗುವ ದಂಟು. ಆ ಸೆಮಿಟಿಕ್ ಮಾತು ಗ್ರೀಸಿಗೆ ಹೋಗಿ ‘ಕನ್ನಾ’ ಆಯಿತು, ಅದರಿಂದ ‘ಕನೋನ್’ ಹುಟ್ಟಿತು. ಬಡಗಿ ಮತ್ತು ಕಲ್ಲುಕುಟಿಗ ಬಳಸುವ ನೇರ ಪಟ್ಟಿಗೆ, ನಮ್ಮವರ ಮಟ್ಟಗೋಲಿಗೆ ಇದ್ದ ಹೆಸರು ಅದು. ಅಳೆಯುವ ಕೋಲು ಆಮೇಲೆ ಅಳತೆಯೇ ಆಯಿತು. ಕ್ರಿಸ್ತಪೂರ್ವ ಐದನೆಯ ಶತಮಾನದ ಶಿಲ್ಪಿ ಪಾಲಿಕ್ಲೀಟಸ್ ಮನುಷ್ಯದೇಹದ ಪ್ರಮಾಣಗಳನ್ನು ವಿವರಿಸಿದ ತನ್ನ ಗ್ರಂಥಕ್ಕೆ ಇದೇ ಹೆಸರಿಟ್ಟ. ಸತ್ಯವನ್ನು ತಿಳಿಯುವ ಒರೆಗಲ್ಲು ಯಾವುದು ಎಂದು ಕೇಳಿದ ಎಪಿಕ್ಯೂರಸನ ಪುಸ್ತಕಕ್ಕೂ ಇದೇ ಹೆಸರು. 325ರಲ್ಲಿ ನೈಸಿಯಾದಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳು ತಮ್ಮ ನಿಬಂಧನೆಗಳನ್ನು ಕರೆದದ್ದೂ ಹೀಗೆಯೇ.

ನಮ್ಮ ಶಾಸನಗಳಲ್ಲೂ ಭೂಮಿಯನ್ನು ಅಳೆಯುತ್ತಿದ್ದದ್ದು ಬಿದಿರಿನ ಗಳೆಯಿಂದ, ಕೋಲಿನಿಂದ. ಆದರೆ ಕನ್ನಡದಲ್ಲಿ ಗಳೆ ಗಳೆಯಾಗಿಯೇ ಉಳಿಯಿತು. ನಿಯಮಕ್ಕೆ ನಾವು ಕಟ್ಟು, ಕಟ್ಟಳೆ ಅಂದೆವು, ಕಟ್ಟಿಹಾಕುವ ಕಲ್ಪನೆಯನ್ನು ಹಿಡಿದೆವು. ಪಕ್ಕದ ತೆಲುಗಿನ ‘ಚಟ್ಟಂ’ ಕಾನೂನೂ ಹೌದು, ಮರದ ಚೌಕಟ್ಟೂ ಹೌದು. ಅಲ್ಲಿ ಮತ್ತೆ ಬಡಗಿಯೇ ಕಾಣಿಸುತ್ತಾನೆ!

ಸಿರಿಯಾದ ಕ್ರೈಸ್ತ ವಿದ್ವಾಂಸರ ಭಾಷೆಯನ್ನು ಹಾದು ಗ್ರೀಕ್ ಪದ ಅರಬ್ಬಿಗೆ ಬಂದಾಗ ‘ಖಾನೂನ್’ ಆಯಿತು. ಅಲ್ಲಿ ಅದಕ್ಕೆ ಮೊದಲು ಸಿಕ್ಕ ಕೆಲಸಗಳಲ್ಲಿ ಒಂದು ಭೂಕಂದಾಯದ ದಫ್ತರದ್ದು. ಯಾವ ನೆಲಕ್ಕೆ ಎಷ್ಟು ತೆರಿಗೆ ಎಂಬುದರ ಮೂಲ ಲೆಕ್ಕವೇ ಖಾನೂನ್. ದೇವರು ಕೊಟ್ಟದ್ದು ಷರಿಯತ್, ದೊರೆ ಮಾಡಿದ್ದು ಖಾನೂನ್ ಎಂಬ ಭೇದ ಮುಂದೆ ಗಟ್ಟಿಯಾಯಿತು. ಸುಮಾರು 1025ರ ಹೊತ್ತಿಗೆ ಇಬ್ನ್ ಸೀನಾ ಮುಗಿಸಿದ ವೈದ್ಯಗ್ರಂಥದ ಹೆಸರು ‘ಅಲ್ ಖಾನೂನ್ ಫಿಲ್ ತಿಬ್ಬ್’. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಗೆರಾರ್ಡ್ ಇದನ್ನು ಲ್ಯಾಟಿನ್ನಿಗೆ ತಂದ ಮೇಲೆ ಯೂರೋಪಿನ ವಿಶ್ವವಿದ್ಯಾಲಯಗಳು ಶತಮಾನಗಟ್ಟಲೆ ಅದನ್ನೇ ಪಠ್ಯವಾಗಿ ಓದಿಸಿದವು. ಗ್ರೀಕ್ ಪದ ಅರಬ್ಬಿ ಪುಸ್ತಕದ ಮುಖಪುಟದ ಮೇಲೆ ಕೂತು ಪಶ್ಚಿಮಕ್ಕೆ ವಾಪಸು ಹೋಯಿತು. ಪಾಶ್ಚಾತ್ಯ ಚಿಂತನೆ ಎಂಬ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಬಿಟ್ಟು ಓದಿಸುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ದಖ್ಖನಿಗೆ ಪದ ಬಂದದ್ದು ಪಾರಸಿಯ ಕೈಹಿಡಿದು. ಇರಾನಿನ ಗೀಲಾನಿನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ಬಹಮನಿ ರಾಜ್ಯದ ಭೂಮಿಯನ್ನು ಕ್ರಮವಾಗಿ ಅಳೆಸಿ ಕಂದಾಯ ಕಟ್ಟಿಸಿದವನೂ ಅವನೇ. ನೆಲ ಅಳೆಯುವ ಕೋಲು, ಅಳತೆಯ ಲೆಕ್ಕ, ಆ ಲೆಕ್ಕ ಹುಟ್ಟಿಸುವ ಕಟ್ಟಳೆ, ಎಲ್ಲವೂ ಆಗ ರೈತನ ಹೊಲದಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಕಾನೂನು, ಕಾಯಿದೆ, ಜಮಾಬಂದಿ, ಪಹಣಿ ಎಂಬ ಮಾತುಗಳನ್ನು ನಮ್ಮವರು ನಿಘಂಟಿನಿಂದ ಕಲಿಯಲಿಲ್ಲ, ತೆರಿಗೆ ಕಟ್ಟಿ ಕಲಿತರು.

ಆ ಕಂದಾಯದ ಕಚೇರಿಯಿಂದಲೇ ಬಂದ ಇನ್ನೊಂದು ಮಾತು ‘ಕಲಂ’. ಇದರ ಹಿಂದಿರುವುದೂ ಗ್ರೀಕ್, ‘ಕಲಮೋಸ್’, ಅದರ ಅರ್ಥವೂ ಜೊಂಡೇ! ಜೊಂಡನ್ನು ಕೊರೆದು ಮಾಡಿದ ಲೆಕ್ಕಣಿಕೆ ಕಲಮು. ಅದರಿಂದ ಬರೆದ ಒಂದೊಂದು ಬಾಬೂ ಕಲಂ. ‘ಈ ಕಾನೂನಿನ ಇಷ್ಟನೆಯ ಕಲಂ’ ಎಂದು ವಕೀಲರು ಹೇಳುವಾಗ ಎರಡು ಜೊಂಡುಗಳು ಒಂದೇ ವಾಕ್ಯದಲ್ಲಿ ಸೇರುತ್ತವೆ: ಒಂದು ಅಳೆದದ್ದು, ಇನ್ನೊಂದು ಬರೆದದ್ದು. ಜಹೀರಾಬಾದಿನ ಸುತ್ತ ಬೆಳೆಯುವ ಕಬ್ಬಿಗೆ ಇಂಗ್ಲಿಷಿನವರು ಅನ್ನುವ ‘ಕೇನ್’ ಕೂಡ ಆ ಮೊದಲನೆಯ ಜೊಂಡಿನ ಕುಲದ್ದೇ.

1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಪಾಶ್ಚಾತ್ಯ ಇತಿಹಾಸ, ತತ್ವಶಾಸ್ತ್ರ, ನ್ಯಾಯಶಾಸ್ತ್ರಗಳನ್ನು ಉರ್ದುವಿನಲ್ಲಿ ಕಲಿಸಿತು. ಅದಕ್ಕೆಂದೇ 1917ರಲ್ಲಿ ಅನುವಾದ ಇಲಾಖೆಯೊಂದನ್ನು ತೆರೆದಿದ್ದರು. ಆಗ ಬೀದರ್, ಗುಲ್ಬರ್ಗಾ ಜಿಲ್ಲೆಗಳಿಂದ ಅಲ್ಲಿಗೆ ಹೋದ ಕನ್ನಡದ ವಿದ್ಯಾರ್ಥಿಗೆ ಅರಿಸ್ಟಾಟಲ್ ‘ಅರಸ್ತು’, ತತ್ವಶಾಸ್ತ್ರ ‘ಫಲಸಫಾ’, ಅಂದರೆ ಗ್ರೀಕರ ಫಿಲೊಸೋಫಿಯಾ. ಅವನು ಓದಿದ ಭಾಷೆ ತಾಯ್ನುಡಿಯಲ್ಲ, ನಿಜ. ಆದರೆ ಆ ಪದಗಳಲ್ಲಿ ಕೆಲವು ಅವನ ಮನೆಯ ಜಗುಲಿಯಲ್ಲಿ ಮೊದಲೇ ಓಡಾಡುತ್ತಿದ್ದವು. ಇವತ್ತಿನ ಮೊದಲ ವರ್ಷದ ವಿದ್ಯಾರ್ಥಿಗೆ ಅಷ್ಟು ಪರಿಚಯವನ್ನೂ ಯಾರೂ ಮಾಡಿಕೊಡುವುದಿಲ್ಲ.

ಅರಿಸ್ಟಾಟಲನ ‘ನಿಕೊಮೇಕಿಯನ್ ಎಥಿಕ್ಸ್’ನ ಐದನೆಯ ಭಾಗದ ಹತ್ತನೆಯ ಅಧ್ಯಾಯದಲ್ಲಿ ನಮ್ಮ ಪದ ತನ್ನ ಮೂಲರೂಪದಲ್ಲೇ ಇದೆ. ಕಾನೂನು ಎಲ್ಲರಿಗೂ ಸಾಮಾನ್ಯವಾಗಿ ಮಾತಾಡುತ್ತದೆ. ಬದುಕಿನಲ್ಲಿ ಆ ಸಾಮಾನ್ಯ ಮಾತಿಗೆ ಒಗ್ಗದ ಸಂಗತಿ ಎದುರಾಗುತ್ತದೆ. ಆಗ ಬೇಕಾದದ್ದು ಲೆಸ್ಬೋಸಿನ ಕಲ್ಲುಕುಟಿಗರು ಬಳಸುವ ಸೀಸದ ಕನೋನ್, ಕಲ್ಲಿನ ಮೈಗೆ ತಕ್ಕಂತೆ ಬಾಗುವ ಅಳತೆಪಟ್ಟಿ, ಎಂಬುದು ಅವನ ವಾದ. ತಾಂಡೂರಿನ ಯಾವ ಹುಡುಗಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಭೀಮಾ ಸೀಮೆಯ ಸುಣ್ಣಕಲ್ಲು ಪದರು ಪದರಾಗಿ ಸಪಾಟಾಗಿ ಏಳುವಂಥದ್ದು, ಅದಕ್ಕೆ ನೇರ ಪಟ್ಟಿ ಸಾಕು. ಗುಂಡುಕಲ್ಲಿನ ಗೋಡೆಗೆ ಆ ಪಟ್ಟಿ ನಡೆಯುವುದಿಲ್ಲ.

1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆ ಎಳೆದದ್ದು ನೇರ ಪಟ್ಟಿಯ ಗೆರೆ. ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ವೃತ್ತ, ಇಷ್ಟೂ ಆಂಧ್ರ ಪ್ರದೇಶದ ಪಾಲಾದವು, ಈಗ ತೆಲಂಗಾಣದಲ್ಲಿವೆ. ಕರ್ನಾಟಕಕ್ಕೆ ಸೇರಿದ ನಿರ್ಣಾದ ಮಕ್ಕಳಿಗೆ ಇವತ್ತು ಸಂವಿಧಾನದ ಕಲಂ 371(ಜೆ) ಮೀಸಲಾತಿ ಸಿಗುತ್ತದೆ; ಒಂದು ಕಾಲಕ್ಕೆ ಅದೇ ತಾಲ್ಲೂಕಿನವರಾಗಿದ್ದ ಜಹೀರಾಬಾದಿನ ಮಕ್ಕಳಿಗೆ ಅನ್ವಯಿಸುವುದು ಕಲಂ 371(ಡಿ). ಕಲಬುರಗಿಯಲ್ಲಿ ಓದುವ ಆಸೆಯಿಂದ ಬಂದ ಗಡಿಯಾಚೆಯ ಕನ್ನಡದ ಹುಡುಗ ಅಲ್ಲಿ ಹೊರಗಿನವನು.

ಗೆರೆ ಎಳೆದವರಿಗೆ ಈ ಗುಂಡುಕಲ್ಲುಗಳ ಅರಿವು ಇರಲಿಲ್ಲವೆಂದಲ್ಲ. ಅದೇ 1956ರ ಏಳನೆಯ ತಿದ್ದುಪಡಿ ಭಾಷಾ ಅಲ್ಪಸಂಖ್ಯಾತರಿಗಾಗಿ ಕಲಂ 350(ಎ) ಸೇರಿಸಿತು. ನನ್ನ ಕಣ್ಣಿಗೆ ಅದೇ ಸೀಸದ ಪಟ್ಟಿ. ಆದರೆ ಅದು ಬಾಗುವುದು ಪ್ರಾಥಮಿಕ ಶಾಲೆಯ ಬಾಗಿಲವರೆಗೆ ಮಾತ್ರ. ತಾಯ್ನುಡಿಯ ಶಿಕ್ಷಣದ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಿರುವಾಗ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳ ಕಾಲೇಜುಗಳಲ್ಲಿ ಪಾಶ್ಚಾತ್ಯ ಚಿಂತನೆ ಕಲಿಸುವ ಮೇಷ್ಟ್ರಲ್ಲಿ ನನ್ನ ಕೋರಿಕೆ ಒಂದೇ. ಮೊದಲ ದಿನ ಪ್ಲೇಟೊನ ಜನ್ಮದಿನಾಂಕ ಬರೆಸಬೇಡಿ. ಅರಿಸ್ಟಾಟಲನ ಆ ಹತ್ತನೆಯ ಅಧ್ಯಾಯ ಎರಡು ಮೂರು ಪುಟಗಳಷ್ಟೇ ಇದೆ, ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಓದಿ ಹೇಳಿ. ‘ಕನೋನ್’ ಎಂಬಲ್ಲಿ ನಿಲ್ಲಿಸಿ, ಈ ಪದವನ್ನು ಮನೆಯಲ್ಲಿ ಯಾರಾದರೂ ಆಡುತ್ತಾರೆಯೇ ಎಂದು ಕೇಳಿ.